ಖಾರ್‌ಘರ್‌ನಲ್ಲಿ ಒಂದೂವರೆ ತಿಂಗಳ ಮನೆ

2025ರ ಜನವರಿಯಲ್ಲಿ ನೆರೂಲ್‌ನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ ತಂಡ ಮೂರು ರಾತ್ರಿ ಹಾಡಿತು. ಆ ವಾರ ನವಿಮುಂಬಯಿಯ ಹೋಟೆಲುಗಳ ದರ ಕೇಳಿದವರು ಎರಡನೇ ಸಲ ಕೇಳಲಿಲ್ಲ. ದಿನದ ಲೆಕ್ಕದಲ್ಲಿ ಫ್ಲ್ಯಾಟು ಕೊಡುವವರಿಗೂ ಹಬ್ಬ. ಅದೇ ವರ್ಷ ನವೆಂಬರ್ 2ರಂದು ಅಲ್ಲೇ ಭಾರತದ ಹುಡುಗಿಯರು ವಿಶ್ವಕಪ್ ಗೆದ್ದಾಗ ಮತ್ತೊಂದು ಹಬ್ಬ. ಡಿಸೆಂಬರ್‌ನಲ್ಲಿ ಹೊಸ ವಿಮಾನ ನಿಲ್ದಾಣದಿಂದ ವಿಮಾನಗಳೂ ಹಾರತೊಡಗಿದ ಮೇಲೆ, ಉಲ್ವೆಯಿಂದ ಪನ್ವೇಲ್‌ವರೆಗೆ ಒಂದು ಫ್ಲ್ಯಾಟು ಹೆಚ್ಚಿಗೆ ಇದ್ದವರೆಲ್ಲ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದಾರೆ. ತಿಂಗಳ ಬಾಡಿಗೆಗಿಂತ ದಿನದ ಬಾಡಿಗೆಯೇ ಲಾಭವೇನೋ ಎಂಬ ಲೆಕ್ಕ.

ಯುರೋಪಿನ ಊರುಗಳು ಈ ಲೆಕ್ಕವನ್ನು ನಮಗಿಂತ ಮೊದಲೇ ಮಾಡಿ, ಕೈ ಸುಟ್ಟುಕೊಂಡು, ಈಗ ಕಡಿವಾಣ ಹಾಕುತ್ತಿವೆ. ಪ್ರವಾಸಿಗಳಿಗೆ ಕೊಡುವ ಸುಮಾರು ಹತ್ತು ಸಾವಿರ ಫ್ಲ್ಯಾಟುಗಳ ಪರವಾನಗಿಯನ್ನು 2028ರ ನವೆಂಬರ್ ನಂತರ ನವೀಕರಿಸುವುದಿಲ್ಲ ಎಂದು ಬಾರ್ಸಿಲೋನಾದ ಮೇಯರ್ 2024ರ ಜೂನ್‌ನಲ್ಲಿ ಘೋಷಿಸಿದರು. ಪ್ಯಾರಿಸ್ಸಿನಲ್ಲಿ ತಾನು ವಾಸಿಸುವ ಮನೆಯನ್ನು ವರ್ಷಕ್ಕೆ 120 ದಿನ ಪ್ರವಾಸಿಗಳಿಗೆ ಕೊಡಬಹುದಿತ್ತು, 2025ರಿಂದ ಅದು 90. ಆಮ್‌ಸ್ಟರ್‌ಡ್ಯಾಮಿನಲ್ಲಿ ಹೆಚ್ಚೆಂದರೆ 30 ರಾತ್ರಿ. ದಿನಕ್ಕಿಷ್ಟೆಂದು ಕೊಡುವ ಪ್ರವಾಸಿಗರು ಬಂದ ಮೇಲೆ ತಿಂಗಳಿಗಿಷ್ಟೆಂದು ಕೊಡುವ ಊರಿನವರಿಗೆ ಮನೆ ಸಿಗಲಿಲ್ಲ ಎಂಬುದು ಅಲ್ಲಿನ ದೂರು.

ನಮ್ಮ ಕಡೆಯ ಕತೆ ಬೇರೆ. ನೆರೂಲ್‌ನಿಂದ ಪನ್ವೇಲ್ ಲೋಕಲ್ ಹಿಡಿದು ಮೂರನೇ ನಿಲ್ದಾಣವಾದ ಖಾರ್‌ಘರ್‌ನಲ್ಲಿ ಇಳಿದರೆ, ಅಲ್ಪಾವಧಿಗೆ ಮನೆ ಹುಡುಕುತ್ತಿರುವವರು ವರ್ಷವಿಡೀ ಕಾಣಸಿಗುತ್ತಾರೆ. ಅವರ ಬಳಿ ಕ್ಯಾಮರಾ ಇರುವುದಿಲ್ಲ. ಎಕ್ಸ್‌ರೇ ಲಕೋಟೆ, ಆಸ್ಪತ್ರೆಯ ಫೈಲು, ಹೆಗಲಿಗೊಂದು ಚೀಲ ಇರುತ್ತದೆ. ಕಲಬುರಗಿ, ವಿಜಯಪುರ, ಬೆಳಗಾವಿ, ಕಾರವಾರ, ಉಡುಪಿ, ಎಲ್ಲಿಂದಲಾದರೂ ಬಂದಿರಬಹುದು. ಅವರಿಗೆ ಬೇಕಿರುವುದು ಹನ್ನೊಂದು ತಿಂಗಳ ಮನೆಯಲ್ಲ, ಮೂರು ದಿನದ ಲಾಡ್ಜೂ ಅಲ್ಲ. ಒಂದೂವರೆ ತಿಂಗಳು ಅಡುಗೆ ಮಾಡಿಕೊಂಡು ಇರಲು ಒಂದು ಖೋಲಿ. ಈ ಅಳತೆಯ ಮನೆ ನಮ್ಮ ಬಾಡಿಗೆ ಮಾರುಕಟ್ಟೆಯಲ್ಲೂ ಸರಿಯಾಗಿ ಇಲ್ಲ, ಕಾನೂನಿನ ಕಣ್ಣಿಗೂ ಸರಿಯಾಗಿ ಬಿದ್ದಿಲ್ಲ. ಇವತ್ತಿನ ಬರಹ ಅದರ ಬಗ್ಗೆ.

ಪರೇಲ್‌ನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ ಶುರುವಾದದ್ದು 1941ರಲ್ಲಿ. ಅದರ ಸಂಶೋಧನೆ ಮತ್ತು ಚಿಕಿತ್ಸೆಯ ದೊಡ್ಡ ಭಾಗ 2002ರಿಂದೀಚೆಗೆ ಖಾರ್‌ಘರ್‌ನ ಸೆಕ್ಟರ್ 22ರಲ್ಲಿರುವ 60 ಎಕರೆ ಆವರಣಕ್ಕೆ ಬಂದಿದೆ. ಕಾಗದದಲ್ಲಿ ಅದರ ಹೆಸರು ಆಕ್ಟ್ರೆಕ್. ರಿಕ್ಷಾದವರಿಗೆ ಮಾತ್ರ ಅದು ‘ಟಾಟಾ ಹಾಸ್ಪಿಟಲ್’. ಮಜ್ಜೆ ಕಸಿ ಅಲ್ಲೇ ನಡೆಯುತ್ತದೆ, 2023ರಿಂದ ಪ್ರೋಟಾನ್ ಚಿಕಿತ್ಸೆಯೂ ಇದೆ. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಇದೆ, ಮತ್ತೇಕೆ ಇಷ್ಟು ದೂರ ಬರುತ್ತೀರಿ ಎಂದು ಕೇಳುವವರು ನಕ್ಷೆ ನೋಡಬೇಕು. ಕಲಬುರಗಿಯಿಂದ ಬೆಂಗಳೂರಿಗೂ ಮುಂಬಯಿಗೂ ರೈಲಿನಲ್ಲಿ ಹೆಚ್ಚುಕಡಿಮೆ ಒಂದೇ ದೂರ. ವಿಜಯಪುರದವರಿಗಂತೂ ಮುಂಬಯಿ ಯಾವತ್ತೂ ಪರವೂರಾಗಿರಲಿಲ್ಲ. ಕರಾವಳಿಯ ಪ್ರತಿ ಊರಿನಲ್ಲೂ ‘ಬೊಂಬಾಯಿಯಲ್ಲಿ ನಮ್ಮವರಿದ್ದಾರೆ’ ಎನ್ನುವ ಮನೆಯೊಂದು ಇದ್ದೇ ಇರುತ್ತದೆ.

ಒಂದೂವರೆ ತಿಂಗಳು ಎಂಬ ಲೆಕ್ಕ ಎಲ್ಲಿಂದ ಬಂತು? ರೇಡಿಯೇಷನ್‌ನಿಂದ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ವಿಕಿರಣ ಕೊಡುತ್ತಾರೆ. ಪ್ರತಿ ಸಲ ಮೇಜಿನ ಮೇಲೆ ಮಲಗಿಸುವುದು ಕೆಲವೇ ನಿಮಿಷ. ಆ ಕೆಲವು ನಿಮಿಷಕ್ಕಾಗಿ ಉಳಿದ ಇಪ್ಪತ್ತಮೂರು ಮುಕ್ಕಾಲು ಗಂಟೆ ಊರು ಬಿಟ್ಟು ಇರಬೇಕು, ಏಕೆಂದರೆ ರೋಗಿಯನ್ನು ವಾರ್ಡಿಗೆ ಸೇರಿಸಿಕೊಳ್ಳುವ ಅಗತ್ಯ ಆಸ್ಪತ್ರೆಗೆ ಇರುವುದಿಲ್ಲ. ಕಿಮೋ ಆದರೆ ಮೂರು ವಾರಕ್ಕೊಮ್ಮೆ ಎಂಬ ಲೆಕ್ಕ ಹೆಚ್ಚು; ನಡುವೆ ರಕ್ತ ಪರೀಕ್ಷೆ, ಜ್ವರ ಬಂದರೆ ಓಡಬೇಕಾದ ತುರ್ತು. ಮಜ್ಜೆ ಕಸಿಯಾದವರಿಗೆ ಮೊದಲ ನೂರು ದಿನ ಆಸ್ಪತ್ರೆಗೆ ಹತ್ತಿರವೇ ಇರಿ ಎನ್ನುತ್ತಾರೆ. ಧೂಳು, ಬೂಸಲು, ಮಣ್ಣಿನ ಕುಂಡ ಇವೆಲ್ಲದರಿಂದ ಅವರು ದೂರ ಇರಬೇಕು. ಖಾರ್‌ಘರ್‌ನಲ್ಲಿ ಕಟ್ಟಡದ ಧೂಳಿಲ್ಲದ ಬೀದಿ ಹುಡುಕುವುದೇ ಒಂದು ಚಿಕಿತ್ಸೆ, ಆ ಮಾತು ಬೇರೆ. ಇಂಥವರಿಗೆ ಪ್ರತ್ಯೇಕ ಶೌಚಾಲಯ, ಪ್ರತ್ಯೇಕ ಅಡುಗೆಮನೆ ಇರುವ ಖೋಲಿ ಐಷಾರಾಮವಲ್ಲ, ಔಷಧದ ಪಟ್ಟಿಗೇ ಸೇರಿದ ಸಂಗತಿ.

ಕ್ಯಾನ್ಸರ್ ಒಂದೇ ಅಲ್ಲ. ಹುಟ್ಟಿನಿಂದ ಹೃದಯದ ತೊಂದರೆ ಇರುವ ಮಕ್ಕಳಿಗೆ ಹಣ ಪಡೆಯದೆ ಶಸ್ತ್ರಚಿಕಿತ್ಸೆ ಮಾಡುವ ಸತ್ಯಸಾಯಿ ಸಂಜೀವನಿ ಕೇಂದ್ರವೂ ಖಾರ್‌ಘರ್‌ನಲ್ಲೇ ಇದೆ. ಹಡಗು ಸೇರುವ ಮುಂಚೆ ಕೋರ್ಸು ಮುಗಿಸಲು, ಪರೀಕ್ಷೆ ಬರೆಯಲು ಬರುವ ಕರಾವಳಿಯ ಹುಡುಗರು ನೆರೂಲ್, ಬೇಲಾಪುರದಲ್ಲಿ ನಾಲ್ಕಾರು ಮಂದಿ ಸೇರಿ ಖೋಲಿ ಹಿಡಿಯುತ್ತಾರೆ. ಅವರು ಹರೆಯದವರು, ಹೇಗೋ ಸಾಗುತ್ತದೆ. ಕಾಯಿಲೆಯವರಿಗೆ ಹಾಗಲ್ಲ.

ಮನೆ ಹುಡುಕುವ ಮೊದಲು ಕೇಳಲೇಬೇಕಾದ ಪ್ರಶ್ನೆಯೊಂದಿದೆ, ಹೆಚ್ಚಿನವರು ಅದನ್ನು ಡಿಪಾಸಿಟ್ ಕೊಟ್ಟಾದ ಮೇಲೆ ಕೇಳುತ್ತಾರೆ: ಚಿಕಿತ್ಸೆ ಪರೇಲ್‌ನಲ್ಲೋ ಖಾರ್‌ಘರ್‌ನಲ್ಲೋ? ಫೈಲು ಆಗುವುದು ಒಂದು ಕಡೆ, ರೇಡಿಯೇಷನ್ ದಿನಾಂಕ ಸಿಗುವುದು ಇನ್ನೊಂದು ಕಡೆ, ಹೀಗಾಗುವುದು ಅಪರೂಪವಲ್ಲ. ಎರಡರ ನಡುವೆ ಆಸ್ಪತ್ರೆಯ ಬಸ್ಸು ಓಡುತ್ತದೆ ನಿಜ, ಆದರೆ ಗಂಟಲು ಸುಟ್ಟುಕೊಂಡ ರೋಗಿ ಆರು ವಾರ ಹಾಗೆ ಓಡಾಡಲಾರ. ಖಾರ್‌ಘರ್ ಎಂದು ಖಾತ್ರಿಯಾದರೆ ಖಾರ್‌ಘರ್, ಬೇಲಾಪುರ, ಕಾಮೋಠೆ, ಕಳಂಬೋಲಿ ನೋಡಿ. ಥಾಣೆಯಲ್ಲಿ ನೆಂಟರ ಮನೆಯಿದ್ದರೂ ಸಾಗುತ್ತದೆ, ಥಾಣೆಯಿಂದ ಪನ್ವೇಲ್‌ಗೆ ಹೋಗುವ ಲೋಕಲ್ ಖಾರ್‌ಘರ್‌ನಲ್ಲಿ ನಿಲ್ಲುತ್ತದೆ. ಪರೇಲ್ ಎಂದಾದರೆ ಲೆಕ್ಕ ತಿರುವುಮುರುವು. ಡೊಂಬಿವಲಿ, ಕಲ್ಯಾಣದಿಂದ ಸ್ಲೋ ಲೋಕಲ್ ಹಿಡಿದರೆ ಪರೇಲ್‌ನಲ್ಲೇ ಇಳಿಯಬಹುದು. ಫಾಸ್ಟ್ ಲೋಕಲ್ ಪರೇಲ್‌ನಲ್ಲಿ ನಿಲ್ಲುವುದಿಲ್ಲ, ದಾದರ್‌ನಲ್ಲಿ ಇಳಿಯಬೇಕು. ನವಿಮುಂಬಯಿಯಿಂದ ಹೋಗುವವರು ಹಾರ್ಬರ್ ಲೈನಿನಲ್ಲಿ ಗಾಡಿ ಬದಲಿಸದೆ ಶಿವಡಿಯವರೆಗೆ ಹೋಗಿ ಅಲ್ಲಿಂದ ಟ್ಯಾಕ್ಸಿ ಹಿಡಿಯಬಹುದು. ದಿವ್ಯಾಂಗರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಜಾಗವಿದೆ. ಫೈಲು ಕೈಯಲ್ಲಿದ್ದರೆ ಯಾರೂ ಎಬ್ಬಿಸುವುದಿಲ್ಲ.

ಊರಿಂದ ಬರುವಾಗಲೂ ಇದೇ ಎಚ್ಚರ. ಮತ್ಸ್ಯಗಂಧದಲ್ಲಿ ಬರುವವರು ಕುರ್ಲಾದವರೆಗೆ ಹೋಗಬೇಕಿಲ್ಲ, ಪನ್ವೇಲ್‌ನಲ್ಲಿ ಇಳಿದರೆ ಖಾರ್‌ಘರ್ ಮೂರನೇ ನಿಲ್ದಾಣ. ಉದ್ಯಾನ್ ಎಕ್ಸ್‌ಪ್ರೆಸ್ಸಿನವರು ಕಲ್ಯಾಣದಲ್ಲಿ ಇಳಿದು ಥಾಣೆಗೆ ಬಂದು ಗಾಡಿ ಬದಲಿಸಬಹುದು. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಿರುವ ಒಬ್ಬರಿಗೆ ನೂರಕ್ಕೆ 75 ಎಂಬುದು ರೈಲ್ವೆಯ ನಿಯಮ. ಆಸ್ಪತ್ರೆ ಸಹಿ ಹಾಕಿದ ನಮೂನೆ ತೆಗೆದುಕೊಂಡು ಕೌಂಟರಿಗೇ ಹೋಗಬೇಕು.

ಬಾಡಿಗೆ ಮನೆಗೆ ಮುನ್ನ ಧರ್ಮಶಾಲೆ ನೋಡಬೇಕು. ದಾದರ್‌ನಲ್ಲಿ ಗಾಡ್ಗೆ ಮಹಾರಾಜರ ಹೆಸರಿನ ಧರ್ಮಶಾಲೆ, ಪರೇಲ್‌ನಲ್ಲಿ ನಾನಾ ಪಾಲ್ಕರ್ ಸ್ಮೃತಿ ಸಮಿತಿ, ಬಾಂದ್ರಾದಲ್ಲಿ ಡಾ. ಅರ್ನೆಸ್ಟ್ ಬೋರ್ಜಿಸ್ ಹೋಮ್ ದಶಕಗಳಿಂದ ರೋಗಿಗಳಿಗೆ ನೆರಳಾಗಿವೆ. ಕ್ಯಾನ್ಸರ್ ಇರುವ ಮಕ್ಕಳಿಗೂ ತಂದೆತಾಯಿಗೂ ಉಚಿತವಾಗಿ ಜಾಗ ಕೊಡುವ ಸೇಂಟ್ ಜೂಡ್ ಸಂಸ್ಥೆ 2006ರಲ್ಲಿ ಹುಟ್ಟಿತು, ಖಾರ್‌ಘರ್ ಆವರಣದಲ್ಲೂ ಅದರ ಕೇಂದ್ರವಿದೆ. ಇವುಗಳ ಬಾಗಿಲಿಗೆ ನೇರ ಹೋಗಿ ನಿಂತರೆ ಪ್ರಯೋಜನವಿಲ್ಲ. ಆಸ್ಪತ್ರೆಯ ಸಮಾಜಸೇವಾ ವಿಭಾಗಕ್ಕೆ ಹೋಗಬೇಕು, ಅಲ್ಲಿಂದ ಚೀಟಿ ಬರಬೇಕು. ಬಹಳ ಕುಟುಂಬಗಳು ಆ ವಿಭಾಗದ ಬಾಗಿಲು ಕಾಣುವಷ್ಟರಲ್ಲಿ ಲಾಡ್ಜಿನಲ್ಲಿ ಅರ್ಧ ದುಡ್ಡು ಕರಗಿಸಿರುತ್ತವೆ. ಮೊದಲ ದಿನವೇ ಹೋಗಿ. ಜಾಗಕ್ಕೆ ಸರದಿ ಇರುತ್ತದೆ, ಹೆಸರು ಬರೆಸಿಟ್ಟಿರಿ. ಸರದಿ ಬಾರದಿದ್ದರೆ, ಅಥವಾ ಸೋಂಕಿನ ಭಯದಿಂದ ಬೇರೆ ಇರಲೇಬೇಕಾದರೆ, ಆಗ ಬಾಡಿಗೆ ಖೋಲಿ.

ಇಲ್ಲಿಂದ ಕಾನೂನಿನ ಮಾತು. ಕರ್ನಾಟಕದಿಂದ ಬಂದವರ ತಲೆಯಲ್ಲಿ ಒಂದು ಲೆಕ್ಕ ಇರುತ್ತದೆ: ಹನ್ನೊಂದು ತಿಂಗಳೊಳಗಿನ ಕರಾರಿಗೆ ನೋಂದಣಿ ಬೇಡ, ಛಾಪಾ ಕಾಗದದಲ್ಲಿ ಬರೆದು ಸಹಿ ಹಾಕಿದರೆ ಸಾಕು. ಮಹಾರಾಷ್ಟ್ರದಲ್ಲಿ ಹಾಗಿಲ್ಲ. ಇಲ್ಲಿನ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಬಾಡಿಗೆಯಾಗಲಿ, ಗೊತ್ತಾದ ಅವಧಿಗೆ ಇರಲು ಅನುಮತಿ ಕೊಡುವ ಲೀವ್ ಅಂಡ್ ಲೈಸೆನ್ಸ್ ಆಗಲಿ, ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು. ಒಂದು ತಿಂಗಳಿಗೂ ಅದೇ, ಐದು ವರ್ಷಕ್ಕೂ ಅದೇ. ನೋಂದಣಿ ಮಾಡಿಸುವ ಹೊಣೆ ಮಾಲೀಕನದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ಮುಖ್ಯವಾದ ಮಾತೊಂದು ಆ ಕಲಮಿನಲ್ಲಿದೆ. ನೋಂದಾಯಿತ ಕರಾರು ಇಲ್ಲದಿದ್ದಾಗ ತಕರಾರು ಹುಟ್ಟಿದರೆ, ಬಾಡಿಗೆ ಎಷ್ಟು, ಷರತ್ತು ಏನು ಎಂಬ ವಿಚಾರದಲ್ಲಿ ಬೇರೆ ರೀತಿ ಸಾಬೀತಾಗುವವರೆಗೆ ಬಾಡಿಗೆದಾರ ಹೇಳಿದ್ದೇ ಮಾನ್ಯ. ‘ಕಾಗದಗೀಗದ ಏನೂ ಬೇಡ, ನಂಬಿಕೆ ಮೇಲೆ ಕೊಡ್ತೀನಿ’ ಎನ್ನುವ ಮಾಲೀಕ ತನ್ನ ಕುತ್ತಿಗೆಯನ್ನೇ ಮುಂದೆ ಚಾಚಿರುತ್ತಾನೆ, ಅದು ಅವನಿಗೆ ಗೊತ್ತಿರುವುದಿಲ್ಲ.

ಮಾಲೀಕರಿಗೆ ಇಷ್ಟು ಭಯ ಏಕೆ ಎಂಬುದಕ್ಕೆ ಮುಂಬಯಿಯ ಹಳೇ ಚರಿತ್ರೆ ಇದೆ. 1947ರ ಬಾಂಬೆ ರೆಂಟ್ ಆಕ್ಟ್ ಬಾಡಿಗೆಯನ್ನು ಇದ್ದಲ್ಲೇ ಹಿಡಿದು ನಿಲ್ಲಿಸಿತು. ಹೊರಹಾಕಲಾಗದ ಬಾಡಿಗೆದಾರರು, ಮನೆ ಕೈಬದಲಿಸುವಾಗ ತೆರುವ ‘ಪಗಡಿ’ ಹಣ, ಎಲ್ಲವೂ ಆ ಕಾಲದ್ದು. 1973ರಲ್ಲಿ ಒಂದು ತಿದ್ದುಪಡಿ ಬಂದು, ಆ ವರ್ಷದ ಫೆಬ್ರವರಿ 1ರಂದು ಲೈಸೆನ್ಸಿನ ಮೇಲೆ ಮನೆಯಲ್ಲಿದ್ದವರನ್ನೂ ಬಾಡಿಗೆದಾರರೆಂದೇ ಪರಿಗಣಿಸಿತು. ಎರಡು ತಿಂಗಳು ಇದ್ದು ಹೋಗು ಎಂದು ಕೊಟ್ಟವರ ಮನೆ ಕೈಬಿಟ್ಟು ಹೋಯಿತು. ಆ ತಲೆಮಾರಿನ ಮಾಲೀಕರ ಮಕ್ಕಳು ಇವತ್ತಿಗೂ ಖಾಲಿ ಮನೆಗೆ ಬೀಗ ಹಾಕಿಡುವುದನ್ನು ನಾವು ಡೊಂಬಿವಲಿಯಲ್ಲೇ ನೋಡುತ್ತೇವೆ. ಆದರೆ ಕಾನೂನು ಬದಲಾಗಿದೆ. ಈಗಿನ ಕಾಯ್ದೆಯ 24ನೇ ಕಲಮಿನಂತೆ ಲೈಸೆನ್ಸ್ ಅವಧಿ ಮುಗಿದ ದಿನ ಮನೆ ಬಿಟ್ಟುಕೊಡಬೇಕು, ಬಿಡದಿದ್ದರೆ ಇಮ್ಮಡಿ ಬಾಡಿಗೆಯ ಲೆಕ್ಕದಲ್ಲಿ ಪರಿಹಾರ ತೆರಬೇಕು. ಹೀಗಾಗಿ ನೋಂದಾಯಿತ ಕರಾರು ಇರುವ ಮಾಲೀಕನಿಗೆ ಹೆದರುವ ಕಾರಣವೇ ಇಲ್ಲ. ಈ ಮಾತನ್ನು ರೋಗಿಯ ಕಡೆಯವರೇ ಮಾಲೀಕನಿಗೆ ಹೇಳಿ ಧೈರ್ಯ ತುಂಬಬೇಕಾಗುತ್ತದೆ ಎಂಬುದು ತಮಾಷೆ.

ಖರ್ಚು ಎಷ್ಟು? ಒಟ್ಟು ಬಾಡಿಗೆಯ ಜೊತೆಗೆ ಡಿಪಾಸಿಟ್ಟಿನ ಮೇಲೆ ವರ್ಷಕ್ಕೆ ನೂರಕ್ಕೆ 10ರಂತೆ ಬಡ್ಡಿ ಸೇರಿಸಿ, ಬಂದ ಮೊತ್ತದ ನೂರಕ್ಕೆ ಕಾಲು ರೂಪಾಯಿ ಮುದ್ರಾಂಕ ಶುಲ್ಕ. ತಿಂಗಳಿಗೆ 20,000 ಬಾಡಿಗೆ, 60,000 ಡಿಪಾಸಿಟ್, ಹನ್ನೊಂದು ತಿಂಗಳು ಎಂದು ಹಿಡಿದರೂ ಅದು 600 ರೂಪಾಯಿ ದಾಟುವುದಿಲ್ಲ. ಎರಡು ತಿಂಗಳಿಗಾದರೆ ಹೇಳುವುದೇ ಬೇಡ. ನಗರಪಾಲಿಕೆ ಪ್ರದೇಶದಲ್ಲಿ ನೋಂದಣಿ ಶುಲ್ಕ 1,000 ರೂಪಾಯಿ. ಇದರ ಮೇಲೆ ಏಜೆಂಟನ ಓಡಾಟದ ಕೂಲಿ. ಕಚೇರಿಗೆ ಹೋಗಬೇಕಿಲ್ಲ, ಬೆರಳಚ್ಚು ಯಂತ್ರ ಹಿಡಿದು ಅವನೇ ಮನೆಗೆ ಬರುತ್ತಾನೆ, ಆಧಾರ್ ಸಂಖ್ಯೆ ಹಾಕಿ ಹೆಬ್ಬೆಟ್ಟು ಒತ್ತಿದರೆ ಆಯಿತು. ಇಲ್ಲೊಂದು ಸೂಕ್ಷ್ಮ ಇದೆ. ಕೆಪೆಸಿಟಾಬಿನ್‌ನಂಥ ಕೆಲವು ಕಿಮೋ ಮಾತ್ರೆಗಳು ಅಂಗೈ ಚರ್ಮ ಸುಲಿದು ಬೆರಳ ಗೆರೆಗಳನ್ನೇ ಅಳಿಸಿಬಿಡುವುದುಂಟು. ಯಂತ್ರ ಬೆರಳನ್ನು ಗುರುತಿಸದೆ ಕೂತರೆ ಆ ದಿನದ ಕೆಲಸ ಕೆಟ್ಟಂತೆ. ಕರಾರನ್ನು ಮೊದಲಿಂದಲೇ ಜೊತೆಯವರ ಹೆಸರಿನಲ್ಲಿ ಮಾಡಿಸುವುದು ವಾಸಿ.

ಕರಾರಿನಲ್ಲಿ ನೋಡಬೇಕಾದ ಸಾಲು ಲಾಕ್-ಇನ್ ಅವಧಿ. ಸಿದ್ಧ ನಮೂನೆಗಳಲ್ಲಿ ಇಂತಿಷ್ಟು ತಿಂಗಳು ಬಿಡುವಂತಿಲ್ಲ ಎಂದು ಮುದ್ರಿಸಿಯೇ ಇರುತ್ತಾರೆ. ನೌಕರಿಯವರಿಗೆ ಅದು ಸರಿ. ಚಿಕಿತ್ಸೆಗೆ ಬಂದವರಿಗೆ ಡಾಕ್ಟರು ನಾಳೆಯೇ ಊರಿಗೆ ಹೋಗಿ ಎನ್ನಬಹುದು, ಇನ್ನೂ ಎರಡು ಸೈಕಲ್ ಬೇಕು ಎನ್ನಬಹುದು, ಇನ್ನೇನೋ ಆಗಲೂಬಹುದು. ಲಾಕ್-ಇನ್ ತೆಗೆಸಿ, ಹದಿನೈದು ದಿನದ ನೋಟೀಸು ಬರೆಸಿ, ಬೀಗದ ಕೈ ಕೊಟ್ಟ ದಿನವೇ ಡಿಪಾಸಿಟ್ ವಾಪಸು ಎಂಬ ಸಾಲು ಸೇರಿಸಿ. ಕಾಯಿಲೆಯ ಮನೆಯವರು ಡಿಪಾಸಿಟ್ಟಿಗಾಗಿ ಮತ್ತೆ ಮುಂಬಯಿಗೆ ಬರುವುದಿಲ್ಲ ಎಂಬುದು ಬಹಳ ಮಂದಿಗೆ ಗೊತ್ತಿದೆ. ಹನ್ನೊಂದು ತಿಂಗಳ ಬಾಡಿಗೆಗೆ ಒಂದು ತಿಂಗಳ ದಲ್ಲಾಳಿ ಎಂಬುದು ಇಲ್ಲಿನ ರೂಢಿ. ಎರಡು ತಿಂಗಳಿಗೂ ಅಷ್ಟೇ ಕೇಳುವವರಿದ್ದಾರೆ, ಚೌಕಾಶಿ ಮಾಡಲು ನಾಚಬೇಡಿ.

ಪೇಯಿಂಗ್ ಗೆಸ್ಟ್ ಎಂದು ಇಟ್ಟುಕೊಂಡರೆ ಈ ತಾಪತ್ರಯ ಇಲ್ಲವಲ್ಲ ಎನ್ನುವವರಿದ್ದಾರೆ. ಇದೇ ಕಾಯ್ದೆಯಲ್ಲಿ ಪೇಯಿಂಗ್ ಗೆಸ್ಟ್ ಎಂದರೆ ಮಾಲೀಕ ತಾನೂ ವಾಸಿಸುವ ಮನೆಯ ಒಂದು ಭಾಗದಲ್ಲಿ ಇರುವವನು. ಮಾಲೀಕ ಮುಲುಂಡ್‌ನಲ್ಲಿದ್ದು ಖಾರ್‌ಘರ್ ಫ್ಲ್ಯಾಟಿನ ಕೋಣೆಗೊಂದರಂತೆ ಮೂರು ಕುಟುಂಬ ತುಂಬಿದರೆ ಅದು ಪೇಯಿಂಗ್ ಗೆಸ್ಟ್ ಆಗುವುದಿಲ್ಲ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲೂ ಮನೆಯವರು ಅದೇ ಮನೆಯಲ್ಲಿರಬೇಕೆಂಬ ಷರತ್ತಿದೆ. ಆ್ಯಪಿನಲ್ಲಿ ದಿನದ ಲೆಕ್ಕಕ್ಕೆ ಸಿಗುವ ಫ್ಲ್ಯಾಟುಗಳು ಈ ಯಾವ ಪೆಟ್ಟಿಗೆಗೂ ಸಲೀಸಾಗಿ ಹೊಂದುವುದಿಲ್ಲ. ನಾಲ್ಕೈದು ದಿನದ ತಪಾಸಣೆಗೆ ಅವು ಅನುಕೂಲ, ಒಂದೂವರೆ ತಿಂಗಳಿಗೆ ಜೇಬು ಹರಿಯುತ್ತದೆ. ಬುಕ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: ‘ನಾವು ಬರುವುದು ನಿಮ್ಮ ಸೊಸೈಟಿಗೆ ಗೊತ್ತಿದೆಯೇ?’ ವಾಚ್‌ಮನ್ ಕೇಳಿದರೆ ನೆಂಟರು ಅಂತ ಹೇಳಿ ಎಂಬ ಉತ್ತರ ಬಂದರೆ ಆ ಮನೆ ಬೇಡ.

ಸೊಸೈಟಿಯ ವಿಷಯಕ್ಕೆ ಬಂದಾಗ ನಮ್ಮವರದ್ದೇ ಒಂದು ಹಳೆಯ ಹೆಸರು ನೆನಪಾಗಬೇಕು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹ ಸಂಘ ಹುಟ್ಟಿತು, ಏಷ್ಯಾದಲ್ಲೇ ಮೊದಲನೆಯ ಗೃಹ ಸಹಕಾರ ಸಂಘವೆಂದು ಅದನ್ನು ಹೇಳುತ್ತಾರೆ. ಅದರ ಹಿಂದಿದ್ದವರು ಕೆನರಾ ಸಾರಸ್ವತ ಸಮಾಜದ ರಾವ್ ಬಹದ್ದೂರ್ ಶ್ರೀಪಾದ ಸುಬ್ಬರಾವ್ ತಲಮಕಿ. 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿಯನ್ನು ಕಟ್ಟಿದವರೂ ಅವರೇ. ಕೆನರಾದಿಂದ ಬಂದವರಿಗೆ ಈ ಊರಿನಲ್ಲಿ ತಲೆ ಮೇಲೊಂದು ಸೂರು ಬೇಕೆಂಬ ಉದ್ದೇಶದಿಂದ ಹುಟ್ಟಿದ ಸಂಸ್ಥೆ ಅದು. ಅಂಥ ವಂಶದ ಸೊಸೈಟಿಗಳು ಇವತ್ತು ನೋಟೀಸು ಬೋರ್ಡಿನಲ್ಲಿ ‘ಪೇಷಂಟುಗಳಿಗೆ ಬಾಡಿಗೆಗೆ ಕೊಡಕೂಡದು’ ಎಂದು ಬರೆಯುವುದನ್ನು ಓದಿದಾಗ ನಾಚಿಕೆಯಾಗುತ್ತದೆ. ಕ್ಯಾನ್ಸರ್ ಲಿಫ್ಟಿನಲ್ಲಿ ಹರಡುವ ಕಾಯಿಲೆಯಲ್ಲ. ತಲೆಗೂದಲು ಉದುರಿದ ಹೆಂಗಸನ್ನು ನೋಡಿ ಮಕ್ಕಳು ಹೆದರುತ್ತಾರೆ ಎಂಬ ಕಾರಣ ಕೊಡುವವರಿಗೆ ಏನು ಹೇಳುವುದು? ಮಕ್ಕಳು ಹೆದರುವುದಿಲ್ಲ, ಕೇಳುತ್ತಾರೆ, ಅಷ್ಟೆ.

ಸೊಸೈಟಿಗೂ ಅದರದ್ದೇ ಆತಂಕ ಇರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ವಾರಕ್ಕೊಂದು ಹೊಸ ಮುಖ, ಯಾರು ಬಂದರು ಯಾರು ಹೋದರು ಎಂಬ ಲೆಕ್ಕವಿಲ್ಲ, ಯಾವುದಾದರೂ ರಗಳೆಯಾದರೆ ಪೊಲೀಸರು ಮೊದಲು ಕೇಳುವುದು ಸೆಕ್ರೆಟರಿಯನ್ನು. ಇದಕ್ಕೆ ದಾರಿ ಇರುವುದು ಕಾಗದದಲ್ಲೇ. ಮಾಲೀಕ ಸೊಸೈಟಿಗೆ ಮುಂಚಿತವಾಗಿ ತಿಳಿಸಬೇಕು, ಕರಾರಿನ ಪ್ರತಿ ಮತ್ತು ಪೊಲೀಸರಿಗೆ ಕೊಟ್ಟ ಮಾಹಿತಿಯ ಪ್ರತಿ ಕೊಡಬೇಕು. ತಾನು ವಾಸಿಸದೆ ಬೇರೆಯವರಿಗೆ ಕೊಟ್ಟಿದ್ದಕ್ಕೆ ಸೊಸೈಟಿ ಶುಲ್ಕ ಹಾಕಬಹುದು, ಆದರೆ ಅದು ಸೇವಾ ಶುಲ್ಕದ ನೂರಕ್ಕೆ 10 ಮೀರಬಾರದೆಂದು ಸರಕಾರ 2001ರ ಆಗಸ್ಟ್ 1ರಂದೇ ಆದೇಶ ಮಾಡಿದೆ. ಅದನ್ನು ತೆರುವವನು ಮಾಲೀಕ. ಪೊಲೀಸ್ ಮಾಹಿತಿಯ ವಿಷಯದಲ್ಲಿ ಗೊಂದಲ ಬೇಡ: ಥಾಣೆ, ಡೊಂಬಿವಲಿ, ಕಲ್ಯಾಣ ಸೇರುವುದು ಥಾಣೆ ಪೊಲೀಸ್ ಆಯುಕ್ತರ ವ್ಯಾಪ್ತಿಗೆ. ಖಾರ್‌ಘರ್ ರಾಯಗಡ ಜಿಲ್ಲೆ, ಅಲ್ಲಿನ ಪಾಲಿಕೆ 2016ರಲ್ಲಿ ಹುಟ್ಟಿದ ಪನ್ವೇಲ್ ಪಾಲಿಕೆ, ಪೊಲೀಸ್ ಮಾತ್ರ ನವಿಮುಂಬಯಿಯದ್ದು.

ಮೋಸದ ಬಗ್ಗೆ ಒಂದು ಮಾತು. ಅಂತರ್ಜಾಲದಲ್ಲಿ ಚಂದದ ಒನ್ ಬಿಎಚ್‌ಕೆ ಫೋಟೋ, ಆಸ್ಪತ್ರೆಗೆ ಐದೇ ನಿಮಿಷ, ಬಾಡಿಗೆ ಕೇಳಿದರೆ ನಂಬಲಾಗದಷ್ಟು ಕಡಿಮೆ. ಫೋನ್ ಮಾಡಿದರೆ ತಾನು ಸೈನ್ಯದಲ್ಲೋ ಸಿಐಎಸ್‌ಎಫ್‌ನಲ್ಲೋ ಇದ್ದು ವರ್ಗವಾಗಿದೆ ಎನ್ನುವ ಮನುಷ್ಯ ಗುರುತಿನ ಚೀಟಿಯ ಫೋಟೋ ಕಳಿಸಿ, ‘ಟೋಕನ್ ಹಾಕಿ, ಇಲ್ಲದಿದ್ದರೆ ಬೇರೆಯವರಿಗೆ ಹೋಗುತ್ತೆ’ ಎಂದು ಅವಸರ ಮಾಡುತ್ತಾನೆ. ಈ ಆಟ ದೇಶದ ಎಲ್ಲ ನಗರಗಳಲ್ಲೂ ನಡೆದಿದೆ. ಆಸ್ಪತ್ರೆಯ ರಸ್ತೆಯಲ್ಲಿ ನಿಜವಾಗಿಯೂ ಸಿಐಎಸ್‌ಎಫ್ ನೆಲೆ ಇರುವುದರಿಂದ ಖಾರ್‌ಘರ್‌ನಲ್ಲಿ ಈ ಮಾತು ಇನ್ನಷ್ಟು ನಂಬುವಂತೆ ಕೇಳಿಸುತ್ತದೆ. ಮನೆ ಕಣ್ಣಾರೆ ನೋಡದೆ ಒಂದು ರೂಪಾಯಿ ಕೊಡಬೇಡಿ. ನಿಮಗೆ ಹಣ ಬರಬೇಕಾದಾಗ ಯುಪಿಐ ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ. ಮೋಸಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮಾಲೀಕ ನಿಜವಾದವನೇ ಎಂದು ತಿಳಿಯಲು ವಕೀಲರೇನೂ ಬೇಡ. ಥಾಣೆ, ಡೊಂಬಿವಲಿ, ಕಲ್ಯಾಣ, ಖಾರ್‌ಘರ್, ನಾಲ್ಕೂ ಕಡೆ ಕರೆಂಟು ಮಹಾವಿತರಣದ್ದು. ಮೀಟರಿನ ಹನ್ನೆರಡು ಅಂಕಿಯ ಗ್ರಾಹಕ ಸಂಖ್ಯೆ ಕೇಳಿ, ಬಿಲ್ಲಿನಲ್ಲಿ ಯಾರ ಹೆಸರಿದೆ ನೋಡಿ. ಸೊಸೈಟಿಯ ಮೆಂಟೆನೆನ್ಸ್ ರಸೀದಿಯ ಹೆಸರು, ಇಂಡೆಕ್ಸ್-2 ಎಂಬ ನೋಂದಣಿ ಪ್ರತಿಯ ಹೆಸರು, ಬಾಡಿಗೆ ಹಾಕಲು ಕೊಟ್ಟ ಬ್ಯಾಂಕ್ ಖಾತೆಯ ಹೆಸರು ಒಂದೇ ಆಗಿದ್ದರೆ ಮುಂದುವರಿಯಿರಿ. ಬೇರೆಯಾಗಿದ್ದರೆ ಅಧಿಕಾರಪತ್ರ ಕೇಳಿ.

ಇನ್ನು ಮನೆಯೊಳಗಿನ ಮಾತು. ಲಿಫ್ಟ್ ಇದೆಯೇ ನೋಡಿ. ಡೊಂಬಿವಲಿಯ, ನವಿಮುಂಬಯಿ ಕಟ್ಟಿದ ಸಿಡ್ಕೋದ ಹಳೆಯ ನಾಲ್ಕು ಮಹಡಿ ಕಟ್ಟಡಗಳಲ್ಲಿ ಇರುವುದಿಲ್ಲ, ಕಿಮೋ ಮುಗಿಸಿ ಬಂದವರಿಗೆ ಮೂರನೇ ಮಾಳಿಗೆ ಬೆಟ್ಟ. ನೀರು ಎಷ್ಟು ಹೊತ್ತು ಬರುತ್ತದೆ ಎಂದು ಮಾಲೀಕನನ್ನು ಕೇಳಬೇಡಿ, ಎದುರುಮನೆಯವರನ್ನು ಕೇಳಿ. ಖಾರ್‌ಘರ್‌ನ ಬೇಸಿಗೆಯ ನೀರಿನ ಕತೆ ಅವರೇ ಹೇಳುತ್ತಾರೆ. ಕೊಳವೆ ಗ್ಯಾಸ್ ಇದ್ದರೆ ಬಿಲ್ಲು ಯಾರು ಕಟ್ಟುವುದೆಂದು ಕರಾರಿನಲ್ಲೇ ಬರೆಸಿ. ಇಲ್ಲದಿದ್ದರೆ ಇಂಡೇನ್‌ನ ಐದು ಕಿಲೋ ‘ಛೋಟು’ ಸಿಲಿಂಡರ್ ಇದೆ, ಅದಕ್ಕೆ ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ನಮ್ಮ ಉತ್ತರ ಕರ್ನಾಟಕದವರು ಊರಿಂದ ಜೋಳದ ಹಿಟ್ಟು ಕಟ್ಟಿಕೊಂಡು ಬರುತ್ತಾರೆ. ರೇಡಿಯೇಷನ್‌ನ ಮೂರನೇ ವಾರಕ್ಕೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ, ಆಗ ಬೇಕಾಗುವುದು ಗಂಜಿ, ಅಂಬಲಿ, ರುಬ್ಬಿದ ಬೇಳೆ. ಮಿಕ್ಸರ್ ಇರುವ ಮನೆಯೇ ಹಿಡಿಯಿರಿ. ಸೋಫಾ, ಟಿ.ವಿ., ಎಸಿ ಎಂದು ಬಾಡಿಗೆ ಏರಿಸುವವರಿಗೆ ಅವು ಬೇಡ ಎಂದು ಹೇಳಲು ಸಂಕೋಚ ಬೇಡ.

ಬಾಡಿಗೆ ಕರಾರು ಇಲ್ಲಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ವಿಜಯಪುರದವರಿಗೆ ಮರಾಠಿ ತುಸು ದಕ್ಕುತ್ತದೆ, ಕಲಬುರಗಿಯವರು ಹಿಂದಿಯಲ್ಲಿ ಸುಧಾರಿಸುತ್ತಾರೆ. ತೀರ್ಥಹಳ್ಳಿಯವರಿಗೆ, ಹಾಸನದವರಿಗೆ ಎರಡೂ ಕಷ್ಟ, ಓದದೆ ಹೆಬ್ಬೆಟ್ಟು ಒತ್ತುತ್ತಾರೆ. ನಮ್ಮ ಕಡೆ ಕನ್ನಡ ಸಂಘಗಳಿಗೆ ಬರವಿಲ್ಲ. ಮಂಜುನಾಥ ವಿದ್ಯಾಲಯ ಕಟ್ಟಿ ಬೆಳೆಸಿದ ಡೊಂಬಿವಲಿಯ ಕರ್ನಾಟಕ ಸಂಘ ಇದೆ, ವಾಶಿಯಲ್ಲಿ ನವಿಮುಂಬಯಿ ಕನ್ನಡ ಸಂಘ ಇದೆ, ಪ್ರತಿ ಸಮಾಜಕ್ಕೂ ಒಂದೊಂದು ಸಂಘ, ಸಭಾಗೃಹ ಇದೆ. ರೋಗಿಗಳಿಗೆ ನೆರವಾಗುವ ಕನ್ನಡಿಗರು ಈ ಸಂಘಗಳಲ್ಲಿ ಅಲ್ಲಲ್ಲಿ ಇದ್ದಾರೆ, ಬಹುಪಾಲು ಸ್ವಂತ ಜೇಬಿನಿಂದ, ಸ್ವಂತ ರಜೆ ಹಾಕಿ. ನನ್ನ ವಿನಂತಿ ಇಷ್ಟೇ: ಪ್ರತಿ ಸಂಘ ಒಂದು ಫೋನ್ ನಂಬರು ಇಡಲಿ, ಕರಾರನ್ನು ಕನ್ನಡದಲ್ಲಿ ಓದಿ ಹೇಳುವ ಒಬ್ಬರು ಆ ಫೋನಿನ ಹತ್ತಿರ ಇರಲಿ. ಖಾರ್‌ಘರ್, ಕಾಮೋಠೆ, ಬೇಲಾಪುರದಲ್ಲಿ ಎರಡನೇ ಫ್ಲ್ಯಾಟು ಕೊಂಡು ಬೀಗ ಹಾಕಿಟ್ಟಿರುವ ಕನ್ನಡಿಗರು, ಎರಡು ತಿಂಗಳಿಗೆ ಕೊಡಲು ಸಿದ್ಧವಿದ್ದರೆ, ಅದರ ವಿವರ ಆ ನಂಬರಿಗೆ ಕೊಟ್ಟಿಡಿ. ನೋಂದಣಿ ಮಾಡಿಸಿಯೇ ಕೊಡಿ, ಬಾಡಿಗೆ ತೆಗೆದುಕೊಂಡೇ ಕೊಡಿ. ಪುಕ್ಕಟೆ ಬೇಕೆಂದು ಯಾರೂ ಕೇಳುತ್ತಿಲ್ಲ.